‘ಬಂದವು’ ಎಂದ ಸಾಕ್ಷಿ

ಕಟಕಟೆಯಲ್ಲಿ ನಿಂತವರು ಹಳ್ಳಿಯೊಂದರ ಮಿರ್ಚಿ-ಒಗ್ಗರಣೆ ಅಂಗಡಿಯವರು. ಐವತ್ತು ದಾಟಿದ, ಯಾರಿಗೂ ಏರುದನಿಯಲ್ಲಿ ಮಾತನಾಡದ ಮನುಷ್ಯ. ಕೂದಲಿಗೆ ಬದಲಾಗಿ ಸ್ಟೀಲ್ ಪಾತ್ರೆ ಕೊಡುತ್ತಾ ಊರೂರು ತಿರುಗುವ ಬುಡ್ಗ ಜಂಗಮರ ಇಬ್ಬರನ್ನು ಅವರ ಊರವರು ‘ಮಕ್ಕಳ ಕಳ್ಳರು’ ಎಂದು ಕಂಬಕ್ಕೆ ಕಟ್ಟಿ ಹೊಡೆದಿದ್ದರು. ಪೆಟ್ಟು ತಿಂದವರ ಮೇಲೆಯೇ ಅಪಹರಣ ಯತ್ನದ ಪ್ರಕರಣ ದಾಖಲಾಗಿತ್ತು. ಅವರ ಪರ ವಕಾಲತ್ತು ನನ್ನದು.

ಪಾಟೀಸವಾಲಿನಲ್ಲಿ ಕೇಳಿದೆ: “ಆರೋಪಿಗಳು ನಿಮ್ಮ ಅಂಗಡಿಗೆ ಬಂದಿದ್ದರೇ?”

“ಹತ್ತು ಗಂಟೆಗೆ ಬಂದರು ಸಾರ್. ಎರಡು ಪ್ಲೇಟ್ ಮಿರ್ಚಿ ತಿಂದರು, ದುಡ್ಡು ಕೊಟ್ಟರು.”

“ಆಮೇಲೆ?”

“ಆಮೇಲೆ ಮೊಬೈಲಿಗೆ ವಿಡಿಯೊ ಬಂತು, ಮಕ್ಕಳನ್ನು ಹಿಡಿಯುವ ತಂಡ ಜಿಲ್ಲೆಗೆ ಇಳಿದಿದೆ ಎಂದು. ಹನ್ನೊಂದಕ್ಕೆ ಅವು ಶಾಲೆಯ ಕಡೆಯಿಂದ ಬಂದವು.”

ಹತ್ತಕ್ಕೆ ‘ಬಂದರು’, ಹನ್ನೊಂದಕ್ಕೆ ‘ಬಂದವು’. ಕನ್ನಡದ ಬಹುವಚನ ಗಂಡು-ಹೆಣ್ಣೆಂದು ಭೇದ ಮಾಡುವುದಿಲ್ಲ. ಮನುಷ್ಯರಿಗೆ ‘ಅವರು’, ದನಕರು, ಕಲ್ಲುಮಣ್ಣಿಗೆ ‘ಅವು’. ಮಗುವನ್ನು ‘ಅದು ಬಂತು’ ಎನ್ನುವ ಸಲಿಗೆ ನಮ್ಮಲ್ಲಿ ಉಂಟು, ಅದರ ದನಿಯೇ ಬೇರೆ. ಇಲ್ಲಿ ಒಂದು ಗಂಟೆಯೊಳಗೆ ಇಬ್ಬರು ಗಿರಾಕಿಗಳು ‘ಅವು’ ಆಗಿಬಿಟ್ಟಿದ್ದರು.

ಅಪಪ್ರಚಾರ ದ್ವೇಷವನ್ನು ಬಿತ್ತುತ್ತದೆ ಎಂದು ನಾವು ಸುಲಭವಾಗಿ ಹೇಳುತ್ತೇವೆ. ಈ ಸಾಕ್ಷಿಯಲ್ಲಿ ನನಗೆ ದ್ವೇಷ ಕಾಣಲಿಲ್ಲ. ಕಂಡದ್ದು ಪ್ರಶ್ನೆಯೇ ಇಲ್ಲದ ಮನಸ್ಸು. ಅಪರಿಚಿತರು ಬಂದರೆ ಯಾವ ಊರು, ಯಾರ ಪೈಕಿ ಎಂದು ಕೇಳುವುದು ನಮ್ಮ ಕಡೆಯ ರೂಢಿ. ಹಾವು ಬಂದರೆ ಯಾರೂ ಊರು ಕೇಳುವುದಿಲ್ಲ, ಕೋಲು ಹುಡುಕುತ್ತಾರೆ. ಮನುಷ್ಯನನ್ನು ಹುಳವೆಂದೋ ಮೃಗವೆಂದೋ ಕರೆಯುವ ಮಾತಿನ ಕಸುಬು ಇಷ್ಟೇ: ಕೇಳಬೇಕಾದ ಜಾಗದಲ್ಲಿ ಕೋಲು ಹುಡುಕಿಸುವುದು.

ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಮತ್ತು ಸಂಗಡಿಗರು 1975ರಲ್ಲಿ ಇದನ್ನು ಪರೀಕ್ಷೆಗೆ ಒಡ್ಡಿದ್ದರು. ತಪ್ಪು ಮಾಡಿದವರಿಗೆ ವಿದ್ಯುತ್ ಆಘಾತ ಕೊಡುವ ಕೆಲಸವನ್ನು ಕಾಲೇಜು ವಿದ್ಯಾರ್ಥಿಗಳಿಗೆ ವಹಿಸಿ (ಆಘಾತ ನಿಜಕ್ಕೂ ಯಾರಿಗೂ ತಗಲುತ್ತಿರಲಿಲ್ಲ), ಎದುರಿನವರು ಮೃಗಗಳಂಥವರು ಎಂಬ ಮಾತು ಅಕಸ್ಮಾತ್ತಾಗಿ ಎಂಬಂತೆ ಕಿವಿಗೆ ಬೀಳುವ ಹಾಗೆ ಮಾಡಿದರು. ಆ ಮಾತು ಕೇಳಿಸಿಕೊಂಡವರು ಹೆಚ್ಚು ತೀವ್ರವಾದ ಆಘಾತವನ್ನೇ ಆರಿಸಿಕೊಂಡರು. ಕೇಳಿದ್ದು ಭಾಷಣವಲ್ಲ, ಒಂದೆರಡು ಪದ. ರುವಾಂಡದಲ್ಲಿ ಇದೇ ಮಾತು ದಿನವಿಡೀ ರೇಡಿಯೊದಲ್ಲಿ ಬಂತು. ಟುಟ್ಸಿ ಜನರನ್ನು ‘ಇನ್ಯೆಂಜಿ’, ಅಂದರೆ ಜಿರಳೆಗಳು, ಎಂದು ಕರೆಯುತ್ತಿದ್ದ ನಾಡಿನಲ್ಲಿ 1994ರ ಸುಮಾರು ನೂರು ದಿನಗಳಲ್ಲಿ ಅಂದಾಜು ಎಂಟು ಲಕ್ಷ ಜನ ಹತರಾದರು. ಆ ರೇಡಿಯೊದ ಸ್ಥಾಪಕರಿಬ್ಬರಿಗೂ ಒಬ್ಬ ಪತ್ರಿಕಾ ಸಂಪಾದಕನಿಗೂ ಅಂತರರಾಷ್ಟ್ರೀಯ ನ್ಯಾಯಮಂಡಳಿ 2003ರಲ್ಲಿ ಶಿಕ್ಷೆ ವಿಧಿಸಿತು. 2007ರ ಮೇಲ್ಮನವಿಯಲ್ಲಿ ಶಿಕ್ಷೆಯ ಪ್ರಮಾಣ ತಗ್ಗಿತು, ಆದರೆ ಮೂವರಲ್ಲಿ ಯಾರೂ ಪೂರ್ತಿ ಪಾರಾಗಲಿಲ್ಲ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಹುಟ್ಟಿನಿಂದಲೇ ಅಪರಾಧಿ ಎಂದು ಇಡೀ ಸಮುದಾಯಗಳಿಗೆ ಮುದ್ರೆ ಒತ್ತಿದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಬಂದದ್ದು 1871ರಲ್ಲಿ. 1911ರಲ್ಲಿ ಅದು ಮದ್ರಾಸ್ ಪ್ರಾಂತ್ಯಕ್ಕೂ ವಿಸ್ತರಿಸಿತು. ಬಳ್ಳಾರಿ ಆಗ ಆ ಪ್ರಾಂತ್ಯದಲ್ಲಿತ್ತು. ಅಲೆಮಾರಿಗಳಾದ ಕೊರಚರು ಆ ಕಾಯ್ದೆಯ ಪಟ್ಟಿಗೆ ಸೇರಿದರು, ಠಾಣೆಗೆ ಹಾಜರಿ ಹಾಕುವುದು ಬದುಕಿನ ಭಾಗವಾಯಿತು. 1952ರಲ್ಲಿ ಕಾಯ್ದೆ ಹೋಯಿತು, ಬೈಗುಳ ಉಳಿಯಿತು. ಜೈಲು ಕೈಪಿಡಿಗಳಲ್ಲಿ ಈ ಸಮುದಾಯಗಳನ್ನು ರೂಢಿಗತ ಅಪರಾಧಿಗಳಂತೆ ಕಾಣುವುದು ಸಲ್ಲದು ಎಂದು ಸುಪ್ರೀಂ ಕೋರ್ಟ್ ಹೇಳುವಷ್ಟರಲ್ಲಿ 2024ರ ಅಕ್ಟೋಬರ್ ಬಂದಿತ್ತು. ಹಾಗಾಗಿ ಮೊಬೈಲಿನ ವದಂತಿ ಖಾಲಿ ನೆಲದಲ್ಲಿ ಬೀಳುವುದಿಲ್ಲ; ದಶಕಗಳ ಕಾಲ ಸರ್ಕಾರವೇ ಹದ ಮಾಡಿಟ್ಟ ಹೊಲದಲ್ಲಿ ಬೀಳುತ್ತದೆ. 2018ರ ಜುಲೈನಲ್ಲಿ ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಇದೇ ‘ಮಕ್ಕಳ ಕಳ್ಳರು’ ಎಂಬ ಕೂಗಿಗೆ ಅಲೆಮಾರಿ ಸಮುದಾಯದ ಐವರು ಬಲಿಯಾದರು. ಎರಡು ವಾರದೊಳಗೆ ನಮ್ಮ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವಕನೊಬ್ಬ. ಅದೇ ತಿಂಗಳು ವಾಟ್ಸ್‌ಆ್ಯಪ್, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಳಿಗಷ್ಟೇ, ಅದು ಒಬ್ಬರಾಗಲಿ ಗುಂಪಾಗಲಿ, ಕಳುಹಿಸಬಹುದೆಂಬ ಮಿತಿ ಘೋಷಿಸಿತು. ಐದು ಗುಂಪಿಗೆ ಕಳುಹಿಸಿದರೆ ಒಂದು ಹೋಬಳಿಗೆ ಸಾಕು ಎಂಬುದು ನನ್ನ ಅನುಭವ.

ದ್ವೇಷ ಹರಡುವ ಮಾತಿಗೆ ಕಾನೂನಿನಲ್ಲಿ ಕಲಮು ಇದೆ: ಹಳೆಯ ದಂಡ ಸಂಹಿತೆಯ 153-ಎ, ಈಗ ನ್ಯಾಯ ಸಂಹಿತೆಯ 196. ವಿಡಿಯೊವನ್ನು ಇತರರಿಗೂ ಕಳುಹಿಸಿದ ಅಂಗಡಿಯವರನ್ನು ಅದರಡಿ ಹಿಡಿಯುವುದು ಕಷ್ಟ. ವೈರ ಹಬ್ಬಿಸುವ ಉದ್ದೇಶ ಅವರಿಗೆ ಎಲ್ಲಿತ್ತು?

ಅಂದಿನ ಹೇಳಿಕೆಯ ನಕಲು ತೆಗೆಸಿ ಓದಿದೆ. ಬೆರಳಚ್ಚಿನವರು ವ್ಯಾಕರಣ ತಿದ್ದಿದ್ದರು. ಹತ್ತಕ್ಕೂ ‘ಬಂದರು’, ಹನ್ನೊಂದಕ್ಕೂ ‘ಬಂದರು’. ಕೆಳಗೆ ‘ಓದಿ ಹೇಳಿ ಕೇಳಲಾಗಿ ಸರಿ ಇದೆ’, ಅದರಡಿ ಸಾಕ್ಷಿಯ ಸಹಿ.

ಪ್ರಕರಣ ಬಿದ್ದುಹೋಯಿತು. ತೀರ್ಪಿನ ತಿಂಗಳೊಪ್ಪತ್ತಿನ ಮೇಲೆ ಅದೇ ಅಂಗಡಿಯಲ್ಲಿ ಚಹಾ ಕುಡಿಯುತ್ತಾ, ಬುರ್ರಕಥೆಯ ದರೋಜಿ ಈರಮ್ಮನ ಹೆಸರು ಎತ್ತಿದೆ. ಅವರ ಮುಖ ಅರಳಿತು. ಚಿಕ್ಕಂದಿನಲ್ಲಿ ಬೆಳಗಿನ ಜಾವದವರೆಗೆ ಕುಳಿತು ಕೇಳಿದ್ದರಂತೆ. ಆಕೆಗೆ ಹಂಪಿ ವಿಶ್ವವಿದ್ಯಾಲಯ ನಾಡೋಜ ಪದವಿ ಕೊಟ್ಟದ್ದೂ ಗೊತ್ತಿತ್ತು. ಆಕೆಯೂ ಬುಡ್ಗ ಜಂಗಮರ ಹೆಣ್ಣುಮಗಳಲ್ಲವೇ ಎಂದೆ.

“ಅವರು ಬೇರೆ ಸಾರ್,” ಎಂದು ಲೋಟ ಎತ್ತಿಕೊಂಡರು. “ಇವು ಬೇರೆ.”