ಸುರಂಗದ ದೀಪದ ಗೂಡು

ಬೋರ್‌ವೆಲ್‌ಗೆ ಜಾಗ ನೋಡಲು ನನ್ನನ್ನು ಕರೆದವರು ಮೊದಲು ಕೇಳುವುದು, "ಎಷ್ಟು ಇಂಚು ನೀರು ಸಿಗಬಹುದು?" ಅಂತ. ಎಷ್ಟು ವರ್ಷ ಸಿಗಬಹುದು ಎಂದು ಕೇಳುವವರು ಕಡಿಮೆ.

ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಆದರೂ ಫೆಬ್ರವರಿ ಕಳೆದರೆ ಎಷ್ಟೋ ಬಾವಿಗಳ ತಳ ಕಾಣುತ್ತದೆ. ಇಲ್ಲಿನ ಮುರಕಲ್ಲು, ಅಂದರೆ ತೂತುತೂತಾದ ಕೆಂಪು ಕಲ್ಲು, ನೀರನ್ನು ಬೇಗ ಕುಡಿಯುತ್ತದೆ, ಬೇಗ ಬಿಟ್ಟೂ ಕೊಡುತ್ತದೆ. ಅದರ ಕೆಳಗಿನ ಗಟ್ಟಿ ಬಂಡೆಯಲ್ಲಿ ನೀರಿರುವುದು ಬಿರುಕುಗಳಲ್ಲಿ ಮಾತ್ರ. ಬೋರ್ ಎಳೆಯುವುದು ಅದನ್ನೇ. ಎಳೆದಷ್ಟು ಬೇಗ ಅದು ತುಂಬುವುದಿಲ್ಲ. ಇದನ್ನೆಲ್ಲ ಚಿತ್ರ ಬಿಡಿಸಿ ಹೇಳುತ್ತಿದ್ದೆ. "ನಮ್ಮ ಕಾಲಕ್ಕೆ ಸಾಕು ಮಾರಾಯ್ರೇ" ಎನ್ನುತ್ತಿದ್ದರು. ಅವರಿಗೆ ಪ್ರೀತಿ ಇಲ್ಲ ಅಂತಲ್ಲ. ಇನ್ನೂ ಹುಟ್ಟದವರ ಬಾಯಾರಿಕೆ ಬರೀ ಲೆಕ್ಕ ಕೇಳಿ ಮನಸ್ಸಿಗೆ ಇಳಿಯುವುದಿಲ್ಲ.

ಇದೇ ಜಿಲ್ಲೆಯ ಬಾಯಾರು ಊರಿನ ಕಡೆಯ ಒಂದು ಅಡಿಕೆ ತೋಟದಲ್ಲಿ ಇದು ನನಗೆ ಅರ್ಥವಾಯಿತು. ಯಜಮಾನರು ಹಳೆಯ ಸುರಂಗ ತೋರಿಸಿದರು. ನೀರಿಗಾಗಿ ಗುಡ್ಡದೊಳಗೆ ಒಬ್ಬರು ನಡೆದುಹೋಗುವಷ್ಟೇ ಅಗಲಕ್ಕೆ ಕೊರೆದದ್ದು. ಬಾಯಿಯ ಕಡೆಗೆ ಸಣ್ಣ ಇಳಿಜಾರು. ಕರೆಂಟು ಬೇಡ, ಪಂಪು ಬೇಡ, ನೀರು ತಾನಾಗಿ ಬರುತ್ತದೆ. ಟಾರ್ಚ್ ಹಿಡಿದು ಹೋದೆವು. ಗೋಡೆ ತುಂಬ ಪಿಕಾಸಿಯ ಗುರುತು. ಒಂದು ಕಡೆ ದೀಪ ಇಡುವ ಗೂಡು. ಅಗೆಯುವವರಿಗೆ ಆ ದೀಪ ಬರೀ ಬೆಳಕಿಗಲ್ಲ. ಅದು ನಂದಿದರೆ ಗಾಳಿ ಸಾಲದು ಎಂದರ್ಥ, ಕೂಡಲೇ ಹೊರಗೆ ಬರಬೇಕು.

ಅವರು ಗೂಡಿನ ಮೇಲೆ ಕೈ ಇಟ್ಟು ಸುಮ್ನೆ ನಿಂತರು. "ಅಜ್ಜನ ಅಪ್ಪ ಮಾಡಿಸಿದ್ದು. ಅವರನ್ನು ನಾನು ನೋಡಿಲ್ಲ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಅವರೂ ನನ್ನನ್ನು ನೋಡಿಲ್ಲ, ಅಲ್ವಾ" ಎಂದರು.

ಅವತ್ತು ಬೋರ್ ಮಾತು ಮುಂದೆ ಹೋಗಲಿಲ್ಲ.

ಈಗ ನಾನು ಎಲ್ಲಿಗೆ ಹೋದರೂ ಮೊದಲು ಆ ಮನೆಯ ಹಳೆಯ ನೀರಿನ ಬಗ್ಗೆ ಕೇಳುತ್ತೇನೆ. ಸುರಂಗ ಇದೆಯಾ? ಮಳೆನೀರು ನಿಲ್ಲುವ ಮದಕ ಇತ್ತಾ? ತೋಡಿಗೆ ಯಾವಾಗ ಕಟ್ಟ, ಅಂದರೆ ನೀರು ತಡೆಯುವ ಒಡ್ಡು, ಕಟ್ಟುತ್ತಿದ್ದರು? ಹಿಂದಿನವರ ಬೆವರು ನೆನಪಾದ ಮೇಲೆ ಮುಂದಿನವರ ಮಾತು ತಾನಾಗಿ ಬರುತ್ತದೆ. ಆಮೇಲೆ ಹೂಳು ತೆಗೆಸುವುದು, ಮಾಡಿನ ಮಳೆನೀರನ್ನು ಸೋಸಿ ಬಾವಿಗೆ ಬಿಡುವುದು, ಮಳೆ ನಿಂತ ಮೇಲೆ ನೆರೆಕರೆಯವರು ಸೇರಿ ಕಟ್ಟ ಹಾಕುವುದು, ಎಲ್ಲವನ್ನೂ ಕಿವಿಗೊಟ್ಟು ಕೇಳುತ್ತಾರೆ. ಕಡಿದಾದ ಗುಡ್ಡದಲ್ಲಿ ಮಾತ್ರ ಇಂಗುಗುಂಡಿ ತೋಡಬೇಡಿ, ಮಣ್ಣು ಜಾರುವ ಅಪಾಯವಿದೆ. ಬೋರ್ ಜಾಸ್ತಿಯಾದ ಕಡೆ ಸುರಂಗ ಬತ್ತಿದ್ದನ್ನೂ ನೋಡಿದ್ದೇನೆ.

ನಿಮ್ಮಲ್ಲಿ ಸುರಂಗ ಇದ್ದರೆ ಒಬ್ಬರೇ ಒಳಗೆ ಹೋಗಬೇಡಿ. ಮಳೆಗಾಲದಲ್ಲಂತೂ ಬೇಡವೇ ಬೇಡ. ಬೇಸಿಗೆಯಲ್ಲಿ ಗೊತ್ತಿರುವ ಕೆಲಸದವರ ಜೊತೆ ಹೋಗಿ. ಮಕ್ಕಳಿಗೆ ಹೊರಗಿನಿಂದಲೇ ತೋರಿಸಿ. ಆ ತೋಟದಲ್ಲಿ ಮಾಡಿಸಿದವರ ಹೆಸರು ಉಳಿದಿದೆ, ಅಗೆದವರದ್ದು ಯಾರಿಗೂ ಗೊತ್ತಿಲ್ಲ. ನನಗೆ ಅದು ಇವತ್ತಿಗೂ ನೋವು. ನಿಮ್ಮ ಮನೆಯ ಹಿರಿಯರಿಗೆ ಆ ಹೆಸರುಗಳು ನೆನಪಿದ್ದರೆ, ಈಗಲೇ ಕೇಳಿ ಬರೆದಿಡಿ.