ನಿಮ್ಮ ಅಸ್ಥಿಪಂಜರಗಳು ಮೆಕ್ಸಿಕೋದಿಂದ ಬಂದವೇ?

ಪ್ರಶ್ನೆ: ನಿಮ್ಮ ಜಾನಪದ ಶೈಲಿಯ ಚಿತ್ರಗಳಲ್ಲಿ ಅಸ್ಥಿಪಂಜರಗಳು ಇಳಕಲ್ ಸೀರೆ ಉಟ್ಟು ಬೀಸುಕಲ್ಲು ಬೀಸುತ್ತವೆ, ಡೊಳ್ಳು ಬಾರಿಸುತ್ತವೆ, ಸಿಟಿ ಬಸ್ಸಿಗೆ ಕಾಯುತ್ತವೆ. ಇವಕ್ಕೆ ಮೆಕ್ಸಿಕೋದ ಮೃತರ ಹಬ್ಬವೇ ಪ್ರೇರಣೆಯೇ? ನಮ್ಮ ಪರಂಪರೆಯಲ್ಲಿ ಇಲ್ಲದ್ದನ್ನು ಜಾನಪದವೆಂದು ಕರೆಯಬಹುದೇ? (ಪುಣೆಯ ಕೋಥರೂಡಿನ ಓದುಗರೊಬ್ಬರು)

ಉತ್ತರ: ಪ್ರೇರಣೆ ಮೆಕ್ಸಿಕೋದ್ದಲ್ಲ, ಬಾದಾಮಿಯದು. ಈ ಮಾತನ್ನು ಪುಣೆಯ ಬಾಲಗಂಧರ್ವ ರಂಗಮಂದಿರದ ಚಿತ್ರಶಾಲೆಯಾದ ಕಲಾದಾಲನದಲ್ಲಿ ಪ್ರದರ್ಶನವಿದ್ದಾಗಲೆಲ್ಲ ಹೇಳಿದ್ದೇನೆ, ಇಲ್ಲಿನ ಕನ್ನಡಿಗರ ಕೂಟಗಳಲ್ಲಿ ಹೇಳಿದ್ದೇನೆ, ಚಿತ್ರ ಕೊಂಡುಹೋದವರ ಮನೆಯ ಹಿರಿಯರಿಗೆ ಫೋನಿನಲ್ಲಿಯೂ ಹೇಳಿದ್ದೇನೆ. ಆದರೂ ಪ್ರಶ್ನೆ ಅದೇ ರೂಪದಲ್ಲಿ ಮರಳಿ ಬರುತ್ತದೆ. ಅದರ ಬೆನ್ನಿಗೆ ಒಂದು ಗಟ್ಟಿಯಾದ ತಪ್ಪು ತಿಳಿವಳಿಕೆ ಇರುವುದರಿಂದ ಈ ಸಲ ವಿವರವಾಗಿಯೇ ಬರೆಯುತ್ತೇನೆ.

ಬಾದಾಮಿಯ ಮೊದಲನೆಯ ಗುಹೆಗೆ ಹೋದವರು ಹೊರಗಿನ ಹದಿನೆಂಟು ತೋಳುಗಳ ನಟರಾಜನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಮೊಗಸಾಲೆಯ ಒಂದು ತುದಿಯಲ್ಲಿರುವ ಅರ್ಧನಾರೀಶ್ವರನನ್ನೂ ನೋಡುತ್ತಾರೆ. ಆದರೆ ಆ ಶಿಲ್ಪದಲ್ಲಿ ಶಿವನ ಭಾಗದ ಕಡೆ, ನಂದಿಯ ಬಳಿ, ಕೈಮುಗಿದು ನಿಂತಿರುವವನನ್ನು ಗಮನಿಸುವವರು ವಿರಳ. ಅವನ ಮೈಮೇಲೆ ಮಾಂಸವಿಲ್ಲ. ಪಕ್ಕೆಲುಬುಗಳನ್ನು ಶಿಲ್ಪಿ ಕೆಂಪು ಮರಳುಗಲ್ಲಿನಲ್ಲಿ ಸಾಲಾಗಿ ಬಿಡಿಸಿದ್ದಾನೆ, ಹೊಟ್ಟೆ ಬೆನ್ನಿಗೆ ಹತ್ತಿದೆ, ಕಾಲುಗಳು ಕಡ್ಡಿಯಾಗಿವೆ. ಅವನು ಭೃಂಗಿ. ಶಿವನಿಗೆ ಮಾತ್ರ ಪ್ರದಕ್ಷಿಣೆ ಹಾಕುತ್ತೇನೆಂದು ಹಟ ಹಿಡಿದವನು, ಅರ್ಧನಾರೀಶ್ವರನಾಗಿ ಇಬ್ಬರೂ ಒಂದಾದಾಗ ದುಂಬಿಯಾಗಿ ನಡುವೆ ಕೊರೆದು ಹೋಗಲು ನೋಡಿದವನು. ರಕ್ತಮಾಂಸ ತಾಯಿಯ ಪಾಲು, ಎಲುಬು ತಂದೆಯ ಪಾಲು ಎಂಬುದು ಹಳೆಯ ನಂಬಿಕೆ. ಪಾರ್ವತಿ ತನ್ನ ಪಾಲನ್ನು ಹಿಂದಕ್ಕೆ ಪಡೆದಳು. ನಿಲ್ಲಲಾರದೆ ಹೋದವನಿಗೆ ಶಿವನು ಮೂರನೆಯ ಕಾಲೊಂದನ್ನು ಕೊಟ್ಟ ಎಂದು ಕಥೆ ಮುಂದುವರಿಯುತ್ತದೆ. ಈ ಕಥೆಯಲ್ಲಿ ಎಲ್ಲಿಯೂ ಅವನು ಸಾಯುವುದಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ಎಲುಬು ಮಾತ್ರ ಉಳಿದ ಮೇಲೂ ಅವನು ಭಕ್ತನೇ, ಶಿವಗಣದವನೇ. ನನ್ನ ಚಿತ್ರಗಳು ಹುಟ್ಟಿದ್ದು ಇವನಿಂದ.

ಈಗ ತಪ್ಪು ತಿಳಿವಳಿಕೆಯ ವಿಷಯ. ಅಸ್ಥಿಪಂಜರವು ಪರದೇಶದಿಂದ ಬಂದ ವಸ್ತು, ಅದಕ್ಕೆ ಸಾವು ಎಂಬ ಒಂದೇ ಅರ್ಥ, ಆದ್ದರಿಂದ ಅದು ನಮ್ಮ ಗುಡಿಯಲ್ಲಿಯೂ ಮನೆಯಲ್ಲಿಯೂ ಎಂದೂ ಇರಲಿಲ್ಲ ಎಂದು ಸುಶಿಕ್ಷಿತರೇ ಖಚಿತವಾಗಿ ಹೇಳುತ್ತಾರೆ. ಹೀಗೆ ಹೇಳುವವರು ಸಪ್ತಮಾತೃಕೆಯರಿಗೆ ಕೈಮುಗಿಯುವಾಗ ಸಾಲಿನ ಕೊನೆಯಲ್ಲಿರುವ ಚಾಮುಂಡೆಯನ್ನು ಕಣ್ಣಿಟ್ಟು ನೋಡಿಲ್ಲ. ಎದ್ದು ಕಾಣುವ ಪಕ್ಕೆಲುಬು, ಜೋತುಬಿದ್ದ ಸ್ತನ, ಗುಳಿಬಿದ್ದ ಹೊಟ್ಟೆ, ಕೆಲವೆಡೆ ಆ ಹೊಟ್ಟೆಯ ಮೇಲೊಂದು ಚೇಳು, ಕೊರಳಲ್ಲಿ ರುಂಡಮಾಲೆ, ಕೆಳಗೆ ವಾಹನವಾಗಿ ಶವ. ಶವವಾಗಿರುವುದು ವಾಹನ, ದೇವಿ ಎಚ್ಚರವಾಗಿದ್ದಾಳೆ, ಹಸಿದಿದ್ದಾಳೆ. ಬಾದಾಮಿಯ ಚಾಲುಕ್ಯರು ತಮ್ಮನ್ನು ಸಪ್ತಮಾತೃಕೆಯರು ಪೋಷಿಸಿದರೆಂದು ಶಾಸನಗಳಲ್ಲಿ ಹೆಮ್ಮೆಯಿಂದ ಹೇಳಿಕೊಂಡರು. ಆ ತಾಯಂದಿರಲ್ಲಿ ಒಬ್ಬಳು ಎಲುಬಿನ ಹಂದರದಂಥವಳು ಎಂಬುದು ಅವರಿಗೆ ಅಶುಭವೆನಿಸಲಿಲ್ಲ.

ಪುಣೆಯಿಂದ ಎಲ್ಲೋರ ಒಂದು ದಿನದ ಪ್ರಯಾಣ. ಅಲ್ಲಿ ರಾಮೇಶ್ವರವೆಂದು ಕರೆಯುವ 21ನೆಯ ಗುಹೆಯಲ್ಲಿ ಸಪ್ತಮಾತೃಕೆಯರ ಬದಿಯ ಗೋಡೆಯಲ್ಲಿಯೇ ಅಸ್ಥಿಪಂಜರದ ರೂಪದ ಕಾಲ ಮತ್ತು ಅವನ ಜೊತೆಯವರಿದ್ದಾರೆ. ರಾಷ್ಟ್ರಕೂಟ ಒಂದನೆಯ ಕೃಷ್ಣನ ಹೆಸರಿನೊಂದಿಗೆ ನಾವು ಅಭಿಮಾನದಿಂದ ನೆನೆಯುವ ಕೈಲಾಸ ದೇವಾಲಯದ ಆವರಣದಲ್ಲಿಯೂ ಮಾತೃಕೆಯರ ಮಂಟಪದಲ್ಲಿ ಅಂಥದ್ದೇ ಆಕೃತಿಗಳಿವೆ. ದೇವಸ್ಥಾನದ ಒಳಗೆ, ಪೂಜೆಗೊಳ್ಳುವ ದೇವತೆಗಳ ಪಕ್ಕದಲ್ಲಿ, ಸಾವಿರ ವರ್ಷಕ್ಕೂ ಹಿಂದೆ ಕೆತ್ತಿದ ಎಲುಬುಗಳಿವು. ಇವನ್ನು ಯಾವ ದೇಶದಿಂದ ಆಮದು ಮಾಡಿಕೊಂಡರೆಂದು ಹೇಳೋಣ?

ಗುಡಿಯ ಮಾತು ಬೇರೆ, ಮನೆಯ ಮಾತು ಬೇರೆ ಎನ್ನುವವರಿಗೆ ಇನಾಮಗಾಂವ್‌ನ ಸಂಗತಿ ಹೇಳಬೇಕು. ಪುಣೆ ಜಿಲ್ಲೆಯ ಶಿರೂರು ತಾಲ್ಲೂಕಿನಲ್ಲಿ, ಘೋಡ್ ನದಿಯ ದಂಡೆಯ ಈ ನೆಲೆಯನ್ನು ನಮ್ಮ ಡೆಕ್ಕನ್ ಕಾಲೇಜಿನವರು 1968ರಿಂದ 1983ರವರೆಗೆ ಉತ್ಖನನ ಮಾಡಿದರು. ಮೂರು ಸಾವಿರ ವರ್ಷಗಳ ಹಿಂದೆ ಅಲ್ಲಿ ಬಾರ್ಲಿ ಬೆಳೆದು, ದನ ಸಾಕಿ ಬಾಳಿದ ಜನ ತಮ್ಮವರನ್ನು ಊರಾಚೆ ಒಯ್ಯದೆ ಮನೆಯ ನೆಲದಡಿಯಲ್ಲಿ ಅಥವಾ ಅಂಗಳದಲ್ಲಿಯೇ ಹೂಳುತ್ತಿದ್ದರು. ಮಕ್ಕಳನ್ನು ಎರಡು ಮಡಕೆಗಳಲ್ಲಿಟ್ಟು, ಮಡಕೆಗಳ ಬಾಯಿಗೆ ಬಾಯಿ ಸೇರಿಸಿ ಗುಣಿಯಲ್ಲಿ ಅಡ್ಡಲಾಗಿ ಮಲಗಿಸುತ್ತಿದ್ದರು. ದೊಡ್ಡವರನ್ನು ತಲೆ ಉತ್ತರಕ್ಕೆ ಬರುವಂತೆ ಹೂಳುತ್ತಿದ್ದರು, ಮತ್ತು ಅವರ ಪಾದಗಳನ್ನು ಹರಡಿನ ಬಳಿ ಕತ್ತರಿಸುತ್ತಿದ್ದರು. ಸತ್ತವರು ಮನೆ ಬಿಟ್ಟು ಹೋಗದಿರಲಿ ಎಂಬ ಆಸೆಯಿಂದ ಹೀಗೆ ಮಾಡಿರಬಹುದೆಂದು ವಿದ್ವಾಂಸರು ಊಹಿಸಿದ್ದಾರೆ. ಆ ಊಹೆ ಸರಿಯಾದರೆ, ಎಲುಬು ಮನೆಯಲ್ಲಿರುವುದು ಕೇಡು ಎಂದು ಇಂದು ನನಗೆ ಹೇಳುವವರು ನಿಂತಿರುವ ಈ ನೆಲದಲ್ಲಿಯೇ ಅದು ಮನೆಯಲ್ಲಿ ಉಳಿಯಲಿ ಎಂದು ಬಯಸಿದವರಿದ್ದರು. ಪದ್ಧತಿಗಳು ಬದಲಾಗುತ್ತವೆ, ಬದಲಾಗಲಿ. ಎಂದೂ ಇರಲೇ ಇಲ್ಲ ಎಂದು ಮಾತ್ರ ಹೇಳಬಾರದು.

ಮೆಕ್ಸಿಕೋದ ಬಗ್ಗೆ ನನಗೆ ತಾತ್ಸಾರವಿಲ್ಲ. ಹೊಸೆ ಗ್ವಾಡಲೂಪೆ ಪೊಸಾಡಾ ಎಂಬ ಮುದ್ರಣ ಕಲಾವಿದ 1913ರಲ್ಲಿ ತೀರಿಕೊಳ್ಳುವ ಮುನ್ನ ಅಗ್ಗದ ಕರಪತ್ರಗಳಿಗಾಗಿ ಕೊರೆದ ಅಸ್ಥಿಪಂಜರಗಳನ್ನು ನಾನು ಭಕ್ತಿಯಿಂದ ನೋಡುತ್ತೇನೆ. ಅವನ ಹೆಸರಾಂತ ಕತ್ರೀನಾ, ಹೂಗರಿಗಳ ದೊಡ್ಡ ಟೋಪಿಯ ತಲೆಬುರುಡೆ, ತನ್ನ ಮೂಲವನ್ನು ಮರೆತು ಯುರೋಪಿನ ಠೀವಿ ತೊಟ್ಟವರನ್ನು ಕುಟುಕಲು ಬರೆದದ್ದು. ಅವನು ಬರೆದದ್ದು ಎದೆಯವರೆಗೆ ಮಾತ್ರ. ಇಂದು ಎಲ್ಲೆಡೆ ಕಾಣುವ ಉದ್ದ ಉಡುಪಿನ ಪೂರ್ಣಾಕೃತಿಯನ್ನು ಡಿಯೇಗೋ ರಿವೇರಾ 1947ರ ತನ್ನ ಭಿತ್ತಿಚಿತ್ರದಲ್ಲಿ ಕೊಟ್ಟ. ನವೆಂಬರ್ 1 ಮತ್ತು 2ರಂದು ನಡೆಯುವ ಅಲ್ಲಿನ ಹಬ್ಬದಲ್ಲಿ ಸತ್ತವರಿಗೆ ದಾರಿ ತೋರಲೆಂದು ಚೆಂಡುಹೂವನ್ನು ಹರಡುತ್ತಾರೆ. ಆ ಹೂವಿನ ತವರು ಮೆಕ್ಸಿಕೋ. ದಸರೆಗೆ ಮಾರ್ಕೆಟ್ ಯಾರ್ಡಿನಲ್ಲಿ ರಾಶಿ ಬೀಳುವ, ನಾವು ಬಾಗಿಲಿಗೂ ವಾಹನಕ್ಕೂ ಕಟ್ಟುವ ಆ ಚೆಂಡುಹೂವು ಯುರೋಪಿನ ಹಡಗುಗಳು ಅಮೆರಿಕ ಮುಟ್ಟಿದ ಮೇಲೆ ನಮಗೆ ಬಂದದ್ದು. ಅಲ್ಲಿಂದ ಬಂದ ಹೂವನ್ನು ನಮ್ಮದೆಂದು ದೇವರಿಗೆ ಏರಿಸುತ್ತೇವೆ, ಅದು ಬರುವುದಕ್ಕೆ ಎಷ್ಟೋ ಶತಮಾನ ಮೊದಲೇ ಇಲ್ಲಿದ್ದ ಭೃಂಗಿಯನ್ನು ಪರದೇಶಿ ಎನ್ನುತ್ತೇವೆ. ಇದು ನನಗೆ ನಿಜವಾಗಿ ನೋವಿನ ಸಂಗತಿ.

ಜಾನಪದವೆಂದು ಕರೆಯಬಹುದೇ ಎಂಬ ಎರಡನೆಯ ಮಾತಿಗೆ ಚಿಕ್ಕ ಉತ್ತರ ಸಾಕು. ಅಸ್ಥಿಪಂಜರ ಬರೆಯುವ ಜಾನಪದ ಸಂಪ್ರದಾಯವೊಂದು ನಮ್ಮಲ್ಲಿದೆ ಎಂದು ನಾನು ಹೇಳುತ್ತಿಲ್ಲ. ವಾರ್ಲಿ ಚಿತ್ರಗಳಲ್ಲಿ ಕಾಣುವವರು ಎಲುಬಿನವರಲ್ಲ, ಎರಡು ತ್ರಿಕೋನಗಳಿಂದ ಕಟ್ಟಿದ ತುಂಬುಮೈಯವರು. ನಾನು ಸಾಲ ತಂದದ್ದು ಉತ್ತರ ಕರ್ನಾಟಕದ ತೊಗಲುಗೊಂಬೆಯ ರೇಖೆಯನ್ನು. ಬೆಳಕು ಹಾಯುವಂತೆ ಹದ ಮಾಡಿದ ಚರ್ಮದಲ್ಲಿ, ಈ ಗೊಂಬೆ ಆಡಿಸುವ ಕಿಳ್ಳೇಕ್ಯಾತರು ಸಾಲುಸಾಲಾಗಿ ರಂಧ್ರ ಕೊರೆದು ಒಡವೆ, ಸೀರೆಯ ಅಂಚು ಬಿಡಿಸುತ್ತಾರೆ. ಆಡಿಸಬೇಕಾದ ಕೈಯ ಭುಜ, ಮೊಣಕೈಗಳನ್ನು ಬೇರೆ ಬೇರೆ ತುಂಡಾಗಿ ಕತ್ತರಿಸಿ ದಾರದಿಂದ ಕೂಡಿಸುತ್ತಾರೆ. ಪರದೆಯ ಹಿಂದೆ ದೀಪವಿಟ್ಟಾಗ ಕೀಲುಗಳೇ ಮೊದಲು ಕಾಣುತ್ತವೆ. ನಾನು ಪಕ್ಕೆಲುಬನ್ನು ಕುಂಚದಿಂದ ಎಳೆಯುವುದಿಲ್ಲ. ಸುತ್ತಲೂ ಕೆಮ್ಮಣ್ಣಿನ ಬಣ್ಣ ತುಂಬಿ, ಪಕ್ಕೆಲುಬಿನ ಜಾಗವನ್ನು ಕಾಗದದ ಬಿಳುಪಾಗಿಯೇ ಬಿಡುತ್ತೇನೆ. ಗೊಂಬೆಯ ರಂಧ್ರದಲ್ಲಿ ಬೆಳಕು ಮಾಡುವ ಕೆಲಸವನ್ನು ಇಲ್ಲಿ ಬಿಳುಪು ಮಾಡುತ್ತದೆ. ಮನುಷ್ಯನಿಗೆ ಹನ್ನೆರಡು ಜೊತೆ ಪಕ್ಕೆಲುಬು. ನಾನು ಏಳು ಜೊತೆ ಬಿಡುತ್ತೇನೆ. ಹೆಚ್ಚಾದರೆ ಆಕೃತಿ ಸಣ್ಣದಿದ್ದಾಗ ನಡುವಿನ ಕೆಂಪು ನಿಲ್ಲುವುದಿಲ್ಲ.

ಯಾರೂ ಕೇಳದ, ಆದರೆ ಕೇಳಬೇಕಾಗಿದ್ದ ಪ್ರಶ್ನೆಯೊಂದಿದೆ: ಈ ಅಸ್ಥಿಪಂಜರಗಳಿಗೆ ಕಣ್ಣುಗಳೇಕೆ? ಪೊಸಾಡಾನ ತಲೆಬುರುಡೆಗಳಲ್ಲಿ ಇರುವುದು ಕಣ್ಣಿನ ಕುಳಿ. ಆಸ್ಪತ್ರೆಯ ಎಕ್ಸ್‌ರೇಯಲ್ಲಿಯೂ ಅಷ್ಟೇ. ನಮ್ಮ ಚಾಮುಂಡೆಯ ಕಣ್ಣು ಕುಳಿಗೆ ಇಳಿದಿದ್ದರೂ ನೋಡುತ್ತದೆ, ಮತ್ತು ತೊಗಲುಗೊಂಬೆಯಲ್ಲಿ ಮುಖದ ಬಹುಭಾಗ ಕಣ್ಣೇ. ನಮ್ಮಲ್ಲಿ ಮೂರ್ತಿಗೆ ಕಣ್ಣು ತೆರೆಯುವುದು ಕೊನೆಯ ಕೆಲಸ; ನಾನೂ ಕಣ್ಣನ್ನು ಕೊನೆಗೇ ಬರೆಯುತ್ತೇನೆ. ಮೊದಲು ದೀಪದ ಮಸಿಯಲ್ಲಿ ಮೇಲಿನ ರೆಪ್ಪೆಯ ಉದ್ದ ಗೆರೆ, ಆಮೇಲೆ ಕೆಳಗಿನದು, ಅದು ಒಣಗಿದ ಬಳಿಕ ಪಾಪೆ. ಪಾಪೆಯನ್ನು ನಡುವೆ ಇಟ್ಟರೆ ಆಕೃತಿ ನೋಡುವವರನ್ನು ದಿಟ್ಟಿಸಿ ಹೆದರಿಸುತ್ತದೆ. ಆದ್ದರಿಂದ ಅದನ್ನು ಮಾಡುತ್ತಿರುವ ಕೆಲಸದ ಕಡೆಗೆ, ಬೀಸುವವಳಾದರೆ ಕಲ್ಲಿನ ಬಾಯಿಯ ಕಡೆಗೆ, ಡೊಳ್ಳಿನವನಾದರೆ ಎದುರಿನ ಕುಣಿಯುವವನ ಕಾಲಿನ ಕಡೆಗೆ ಸರಿಸುತ್ತೇನೆ. ಚಿತ್ರವನ್ನು ಎಲ್ಲಿ ತೂಗುಹಾಕಬೇಕೆಂದು ಕೇಳುವವರಿಗೂ ನಾನು ಹೇಳುವುದು ಇದನ್ನೇ: ಆಕೃತಿಯ ನೋಟ ಯಾವ ಕಡೆಗಿದೆಯೋ ಆ ಬದಿಯಲ್ಲಿ ಗೋಡೆಯನ್ನು ಸ್ವಲ್ಪ ಖಾಲಿ ಬಿಡಿ.