ಆ ಟೇಪ್ ಕುತ್ತಿಗೆಯನ್ನು ಹಿಡಿದು ನಿಲ್ಲಿಸೋದಿಲ್ಲ

"ಸಾರ್, ಆ ನೀಲಿ ಟೇಪ್ ಹಾಕಿ ಕಳಿಸಿಬಿಡಿ, ಸಾಕು." ಕುತ್ತಿಗೆ ನೋವಿಗೆ ಫಿಸಿಯೋಥೆರಪಿಗೆ ಬರುವವರು ಈ ಮಾತು ಹೇಳದ ದಿನವಿಲ್ಲ. ಇನ್ನು ಕೆಲವರಿಗೆ ಟೇಪ್ ಬೇಡ, ಕೈಯಲ್ಲೇ ಒತ್ತಿ ಮೂಳೆ ಸರಿಯಾಗಿ ಕೂರಿಸಬೇಕು. ಮೂಳೆ ಎಲ್ಲೂ ಜಾರಿರೋದಿಲ್ಲ. ಟೇಪ್ ಏನನ್ನೂ ಹಿಡಿದಿಡೋದೂ ಇಲ್ಲ.

ಕಿನಿಸಿಯೋ ಟೇಪ್ ಅನ್ನೋ ಅದು ಎಳೆದರೆ ಹಿಗ್ಗುವ ಹತ್ತಿ ಬಟ್ಟೆ, ಒಂದು ಕಡೆ ಅಂಟು. 1970ರ ದಶಕದಲ್ಲಿ ಜಪಾನಿನ ಕೆಂಜೊ ಕಾಸೆ ರೂಪಿಸಿದ್ದು, 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಆಟಗಾರರ ಮೈಮೇಲೆ ಕಂಡ ಮೇಲೆ ಎಲ್ಲರಿಗೂ ಬೇಕಾಯಿತು. ನಿಮ್ಮ ತಲೆ ಸುಮಾರು 5 ಕೆಜಿ ತೂಗುತ್ತದೆ. ಹಿಗ್ಗುವ ಬಟ್ಟೆ ಆ ಭಾರ ಹೊರುತ್ತದಾ, ನೀವೇ ಹೇಳಿ. ಚರ್ಮದ ಮೇಲೆ ಅದರ ಸ್ಪರ್ಶ ಇರುವುದರಿಂದ ನೋವು ಸ್ವಲ್ಪ ಮಂಕಾಗಬಹುದು, ಬಗ್ಗಿದಾಗ ಎಳೆದು ನೆನಪಿಸಬಹುದು. ಅಷ್ಟೇ.

ಸ್ಪೇನಿನವರು 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಕುತ್ತಿಗೆ ನೋವಿದ್ದವರಲ್ಲಿ ಅರ್ಧ ಜನರಿಗೆ ಟೇಪ್ ಹಾಕಿದರು, ಉಳಿದವರಿಗೆ ಕುತ್ತಿಗೆಯ ಮ್ಯಾನಿಪುಲೇಷನ್, ಅಂದರೆ ಕೈಯಿಂದ ಕೀಲನ್ನು ಚುರುಕಾಗಿ ಒತ್ತುವ ಚಿಕಿತ್ಸೆ, ಮಾಡಿದರು. ವಾರದ ನಂತರ ಎರಡೂ ಕಡೆ ನೋವು ಹೆಚ್ಚೂಕಮ್ಮಿ ಒಂದೇ ಸಮ ಇಳಿದಿತ್ತು. ಕತ್ತು ತಿರುಗಿಸೋದರಲ್ಲಿ ಮಾತ್ರ ಕೈ ಚಿಕಿತ್ಸೆ ಪಡೆದವರು ಸ್ವಲ್ಪ ಮುಂದಿದ್ದರು. ಆದರೆ ಅದು ಒಂದು ವಾರದ ಮಾತು. ನಾನು ಕತ್ತು ಬಿಗಿ ಹಿಡಿದವರಿಗೆ ಮೊದಲು ಕೈ ಹಾಕುತ್ತೇನೆ, ಮುಟ್ಟಿದರೆ ಬೆಚ್ಚುವವರಿಗೆ ಟೇಪ್ ಹಾಕುತ್ತೇನೆ. ಯಾವುದೇ ಆಗಲಿ, ನೋವು ಕಡಿಮೆ ಇರುವ ಆ ಎರಡು ಮೂರು ದಿನದಲ್ಲಿ ವ್ಯಾಯಾಮ ಶುರು ಮಾಡಲೇಬೇಕು. ಅದನ್ನೇ ಜನ ಬಿಡುತ್ತಾರೆ, ನನಗೆ ಸಂಕಟ ಆಗೋದು ಅಲ್ಲೇ.

ಬ್ಲೌಸ್ ಹೊಲಿಯುವ ಅಕ್ಕ ಒಬ್ಬರು ಹತ್ತು ದಿನ ಟೇಪ್ ತೆಗೆಯದೆ ಬಂದಿದ್ದರು. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಇಳಿದು ಅಂಚೆಲ್ಲ ಕಪ್ಪಾಗಿ ಸುರುಳಿ ಸುತ್ತಿತ್ತು, ಕೆಳಗೆ ಚರ್ಮ ಕೆಂಪಾಗಿ ತುರಿಕೆ. "ತೆಗೆದರೆ ಕತ್ತು ಬಿದ್ದುಹೋಗುತ್ತೇನೋ ಅಂತ ಭಯ ಸಾರ್" ಅಂದರು, ಪಾಪ. ಮೂರು ನಾಲ್ಕು ದಿನಕ್ಕೆ ತೆಗೆಯಬೇಕು ಅಂತ ನಾನು ಇನ್ನೂ ಬಿಡಿಸಿ ಹೇಳಬೇಕಿತ್ತು.

ಒಂದು ಎಚ್ಚರಿಕೆ. ಕೈ ಜೋಮು ಹಿಡಿಯುವುದು, ಹಿಡಿತ ಸಡಿಲವಾಗುವುದು, ನಡೆಯುವಾಗ ತೂರಾಡುವುದು ಇದ್ದರೆ ಟೇಪೂ ಬೇಡ, ಒತ್ತುವುದೂ ಬೇಡ, ಮೊದಲು ಡಾಕ್ಟರಿಗೆ ತೋರಿಸಿ. ಕಟಿಂಗ್ ಶಾಪಿನಲ್ಲಿ ಕತ್ತು ತಿರುವಿ ಲಟಿಕೆ ತೆಗೆಸಿಕೊಳ್ಳಲೇಬೇಡಿ. 2024ರಲ್ಲಿ ಬಳ್ಳಾರಿಯ ಯುವಕನೊಬ್ಬನಿಗೆ ಹಾಗೆಯೇ ಕತ್ತಿನ ರಕ್ತನಾಳ ಹರಿದು ಸ್ಟ್ರೋಕ್ ಆದದ್ದು ಪತ್ರಿಕೆಗಳಲ್ಲೇ ಬಂದಿತ್ತು.

ಆ ಅಕ್ಕನಿಗೆ ಮತ್ತೆ ಟೇಪ್ ಹಾಕಲಿಲ್ಲ. ಹೊಲಿಗೆ ಮಿಷನ್ ಟೇಬಲ್ಲಿನ ಕಾಲಿಗೆ ಮರದ ತುಂಡು ಕೊಟ್ಟು ಎತ್ತರಿಸಿಕೊಂಡರು, ಗದ್ದ ಒಳಗೆಳೆಯುವ ವ್ಯಾಯಾಮ ಕಲಿತರು. ಈಗ ಬಾಬಿನ್ ಖಾಲಿಯಾದಾಗಲೆಲ್ಲ ಹತ್ತು ಸಲ ಮಾಡುತ್ತಾರಂತೆ.